ಕಾವು ಕೊಟ್ಟ ಕೈಯ ಪರವಾಗಿ ಒಂದು ತಕರಾರು

ಖಾಸಗಿ ಚಿಕಿತ್ಸಾ ಕೇಂದ್ರಗಳ ಪರವಾನಗಿ ಕೊಡುವ ಮತ್ತು ಅವುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಹೆಂಡತಿಯ ಬಗ್ಗೆ ನೀವು ಬರೆದ ಒಂದು ವಾಕ್ಯವನ್ನು ವಾಪಸ್ ತೆಗೆದುಕೊಳ್ಳಬೇಕು. ಅದನ್ನು ಕೇಳುವುದಕ್ಕೇ ಈ ಪತ್ರ. ಆ ವಾಕ್ಯ ನಿಮಗೆ ನೆನಪಿರಲಿಕ್ಕಿಲ್ಲ. ಎಷ್ಟೋ ವಾಕ್ಯಗಳ ಕೆಳಗೆ ಸಹಿ ಹಾಕುವವರು ನೀವು, ಎಲ್ಲವನ್ನೂ ನೆನಪಿಟ್ಟುಕೊಂಡರೆ ಊಟ ಸೇರುವುದು ಹೇಗೆ? ನಾನೇ ನೆನಪು ಮಾಡಿಕೊಡುತ್ತೇನೆ. “ಸದರಿ ಸುಟ್ಟ ಗಾಯವು ರೋಗಿಯ ತಾಯಿಯು ಮನೆಯಲ್ಲಿ ನಿರ್ಲಕ್ಷ್ಯದಿಂದ ಕಾವು ಕೊಟ್ಟ ಕಾರಣ ಸಂಭವಿಸಿದ್ದು, ಸದರಿ ಕೇಂದ್ರದ ಪಾತ್ರ ಕಂಡುಬರುವುದಿಲ್ಲ.” ಎರಡು ಸಲ ‘ಸದರಿ’ ಇದೆ, ಕೆಳಗೆ ದುಂಡನೆಯ ಮೊಹರು ಇದೆ. ನಮ್ಮ ಮಗಳ ಹೆಸರಿಲ್ಲ, ತಾಯಿಯ ಹೆಸರೂ ಇಲ್ಲ. ಮಗಳು ನೇತ್ರಾ. ತಾಯಿ ಶಿವಗಂಗವ್ವ. ನಾನು ಆ ತಾಯಿಯ ಗಂಡ, ನವಲಗುಂದ ತಾಲ್ಲೂಕಿನ ಮೊರಬದವನು, ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತನಾದವನು. ನನ್ನ ಬಾಯಿ ಜೋರು ಎಂದು ಇಡೀ ಮಾರ್ಗಕ್ಕೆ ಗೊತ್ತು. ಆದರೆ ಈ ಪತ್ರದಲ್ಲಿ ಜೋರು ಮಾಡುವ ಶಕ್ತಿ ಉಳಿದಿಲ್ಲ, ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ.

ನೀವು ನಿರ್ಲಕ್ಷ್ಯ ಎಂದು ಕರೆದ ಆ ಹೆಂಗಸು ಯಾರು ಎಂಬುದು ಮೊದಲು ತಿಳಿಯಲಿ. ನಮ್ಮ ಓಣಿಯಲ್ಲಿ ಯಾರ ಮಗಳು ಹೆರಿಗೆಗೆ ಬಂದರೂ ಶಿವಗಂಗವ್ವನಿಗೆ ಕರೆ ಬರುತ್ತಿತ್ತು. ಆಕೆ ಸೂಲಗಿತ್ತಿಯಲ್ಲ. ಹೆರಿಗೆಯೆಲ್ಲ ಆಸ್ಪತ್ರೆಯಲ್ಲೇ ಆಗುತ್ತದೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಬಾಣಂತಿಯನ್ನು ನೋಡಿಕೊಳ್ಳುವುದಿರುತ್ತದಲ್ಲ, ಅದು ಆಕೆಯ ಕೆಲಸ. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟು ಅಜವಾನ ಉದುರಿಸುವುದು, ಅಂಟಿನ ಉಂಡಿ ಕಟ್ಟುವುದು, ಬಾಣಂತಿಯ ಹೊಟ್ಟೆಗೆ ಉಪ್ಪಿನ ಗಂಟಿನಿಂದ ಕಾವು ಕೊಟ್ಟು ಹಳೆಯ ಮೆತ್ತನೆ ಧೋತರದ ಪಟ್ಟಿ ಬಿಗಿಯುವುದು. ಯಾರ ಹತ್ತಿರವೂ ಏನೂ ಇಸಿದುಕೊಂಡವಳಲ್ಲ. ಕೂಸಿನ ಮೊದಲ ನಗು ನನಗೇ ತೋರಿಸಬೇಕು ಎನ್ನುವುದೊಂದೇ ಆಕೆಯ ಹಟ.

ಕಾವು ಕೊಡುವುದರಲ್ಲಿ ಆಕೆಗೆ ಒಂದು ರೀತಿ ಇತ್ತು, ದಯಮಾಡಿ ಇದನ್ನು ಲಕ್ಷ್ಯಗೊಟ್ಟು ಓದಿರಿ. ಹಂಚಿನ ಮೇಲೆ ಕಲ್ಲುಪ್ಪು ಹುರಿದು ಅರಿವೆಯಲ್ಲಿ ಗಂಟು ಕಟ್ಟುವಳು. ಆದರೆ ಗಂಟು ಎಷ್ಟು ಬಿಸಿ ಇದೆ ಎಂದು ತನ್ನ ಕೈಯಿಂದ ಅಳೆಯುತ್ತಿರಲಿಲ್ಲ. ಜೋಳದ ರೊಟ್ಟಿ ಬಡಿದು ಬಡಿದು, ಸುಡುವ ಹಂಚಿನ ಮೇಲೆ ರೊಟ್ಟಿ ತಿರುವಿ ತಿರುವಿ ಆಕೆಯ ಅಂಗೈ ಜಡ್ಡುಗಟ್ಟಿದೆ. ಒಲೆಯಿಂದ ಉರುಳಿದ ಕೆಂಡವನ್ನು ಬರಿಗೈಯಲ್ಲಿ ಎತ್ತಿ ವಾಪಸ್ ಒಲೆಗೆ ಹಾಕುವವಳು ಆಕೆ. ಅದಕ್ಕೇ ಪ್ರತಿ ಬಾಣಂತಿಗೂ ಮೊದಲೇ ಹೇಳುತ್ತಿದ್ದಳು: “ನನ್ನ ಕೈ ಸತ್ತೈತವ್ವ, ಅದರ ಮಾತು ನಂಬಬ್ಯಾಡ. ಸುಟ್ರ ನೀ ಬಾಯಿ ಬಿಡು.” ಆಮೇಲೆ ಗಂಟು ಇಟ್ಟಲ್ಲೆಲ್ಲ ಕೇಳುತ್ತಲೇ ಇರುವಳು: “ಸುಡತೈತೇನವ್ವ? ಇಲ್ಲಿ? ಇಲ್ಲಿ ಸುಡತೈತೇನು?” ಬಾಣಂತಿ ‘ಹೂಂ’ ಎಂದರೆ ಕೈ ತಟ್ಟನೆ ಮೇಲಕ್ಕೆ. ಇಷ್ಟು ಮನೆಗಳಲ್ಲಿ, ಇಷ್ಟು ಹೆಣ್ಣುಮಕ್ಕಳಿಗೆ, ಒಂದು ಬೊಬ್ಬೆ ಎದ್ದಿದ್ದಿಲ್ಲ. ಕೇಳಿ ಕೇಳಿ ಮಾಡುವ ಈ ಕೆಲಸಕ್ಕೆ ನಿಮ್ಮ ಕಚೇರಿಯ ಭಾಷೆಯಲ್ಲಿ ನಿರ್ಲಕ್ಷ್ಯ ಎನ್ನುತ್ತಾರೆಂದು ನಮಗೆ ತಿಳಿದಿರಲಿಲ್ಲ.

ನೇತ್ರಾ ನಮಗೆ ಒಬ್ಬಳೇ ಮಗಳು. ಅಳ್ನಾವರಕ್ಕೆ ಕೊಟ್ಟಿದ್ದೇವೆ. ಅಳಿಯ ಕಿರಣಕುಮಾರ ಅಲ್ಲಿ ಮೊಬೈಲ್ ದುರಸ್ತಿ ಅಂಗಡಿ ಇಟ್ಟುಕೊಂಡಿದ್ದಾನೆ, ಮಾತು ಕಡಿಮೆ, ಮನಸ್ಸು ಒಳ್ಳೆಯದು. ಚೊಚ್ಚಲ ಹೆರಿಗೆಗೆ ಮಗಳು ನಮ್ಮಲ್ಲಿಗೆ ಬಂದಳು, ಹೆಣ್ಣು ಕೂಸು ಹುಟ್ಟಿತು. ಓಣಿಯ ಮಕ್ಕಳನ್ನೆಲ್ಲ ನೋಡಿಕೊಂಡವಳು ತನ್ನ ಮಗಳನ್ನು ಬಿಡುತ್ತಾಳೆಯೇ? ಉಂಡಿ, ತುಪ್ಪ, ಸಬ್ಬಸಗಿ ಪಲ್ಲೆ, ಅಳವಿ ಪಾಯಸ. ನೇತ್ರಾ ‘ಸಾಕು ಬೇ’ ಎಂದರೆ ಇವಳು ‘ಹಾಲಿಗೆ ಬೇಕು’ ಎನ್ನುವಳು. ಮಗಳು ದುಂಡಗಾದಳು. ನನಗಂತೂ ನೋಡಲು ಸಂತೋಷವಾಗುತ್ತಿತ್ತು. ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಬೀಗರೂ ನೆಂಟರೂ ಕೂಡಿದ್ದರು. ನಮ್ಮ ದೂರದ ಸಂಬಂಧಿ ಮಹಾದೇವಕ್ಕ, ಚೇಷ್ಟೆಯ ಬಾಯಿಯವಳು, ನೇತ್ರಾಳ ಹೊಟ್ಟೆಯ ಮೇಲೆ ಕೈಯಿಟ್ಟು ಎಲ್ಲರೆದುರು ಅಂದಳು: “ಏನ್ಬೇ ನೇತ್ರಾ, ಒಂದು ಹೊರಗ ಬಂತು, ಇನ್ನೊಂದು ಒಳಗ ಉಳೀತೇನು?” ಹೆಂಗಸರೆಲ್ಲ ನಕ್ಕರು. ನೇತ್ರಾಳೂ ನಕ್ಕಳು. ಮಹಾದೇವಕ್ಕನಿಗೆ ಕೆಟ್ಟದ್ದು ಮಾಡುವ ಮನಸ್ಸಿರಲಿಲ್ಲ, ನಮ್ಮ ಕಡೆ ಪ್ರೀತಿ ಇದ್ದಲ್ಲೇ ಇಂಥ ಮಾತು ಬರುವುದು. ಆದರೆ ಆ ನಗು ಮಗಳಿಗೆ ಎಲ್ಲಿ ಚುಚ್ಚಿತೆಂದು ನಮಗೆ ಗೊತ್ತಾಗಲಿಲ್ಲ. ಆವತ್ತಿನಿಂದ ಆಕೆ ಕನ್ನಡಿಯ ಮುಂದೆ ಅಡ್ಡಡ್ಡ ನಿಂತು ಸೆರಗು ಬಿಗಿಮಾಡಿಕೊಳ್ಳುತ್ತಿದ್ದಳು. ಐದನೇ ತಿಂಗಳಿಗೆ ಕೂಸಿನ ಜತೆ ಗಂಡನ ಮನೆಗೆ ಕಳಿಸುವುದಿತ್ತು.

ಆಗ ವರ್ತಮಾನ ಪತ್ರಿಕೆಯ ಒಳಗೆ ಸೇರಿಸಿದ ಒಂದು ಗುಲಾಬಿ ಹಾಳೆ ನಮ್ಮ ಮನೆಗೂ ಬಂತು. ಪೇಟೆಯಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ, ಹೊಸದೊಂದು ಕೇಂದ್ರ ತೆರೆದಿದ್ದರು. ಕೆಳಗೆ ಯೂರಿಯಾ, ಮೇಲೆ ಸೌಂದರ್ಯ. ಹಾಳೆಯ ಮೇಲೆ ಹೀಗಿತ್ತು: “ಕತ್ತರಿ ಇಲ್ಲ, ಸೂಜಿ ಇಲ್ಲ, ನೋವು ಇಲ್ಲ. ಯಂತ್ರದ ತಂಪಿನಿಂದ ಹೊಟ್ಟೆಯ ಕೊಬ್ಬು ಕರಗಿಸುತ್ತೇವೆ. ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.” ಈ ಕೊನೆಯ ಸಾಲನ್ನು ನೆನಪಿಟ್ಟುಕೊಳ್ಳಿರಿ. ನೇತ್ರಾ ಕೂಸಿನ ಆಧಾರ ಕಾರ್ಡಿನ ಬಗ್ಗೆ ವಿಚಾರಿಸಿ ಬರುತ್ತೇನೆಂದು ಹೇಳಿ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಬಸ್ಸಿನಲ್ಲಿ ಹೋದಳು. ಸುಳ್ಳು ಹೇಳಿದಳು, ಹೌದು. ಬಾಣಂತಿಗೆ ತಣ್ಣೀರು ಮುಟ್ಟಿಸದ ತಾಯಿಯ ಎದುರು ‘ನಾನು ಹೊಟ್ಟೆಗೆ ಹಿಮ ಹಿಡಿಸಿಕೊಂಡು ಬರುತ್ತೇನೆ’ ಎಂದು ಯಾವ ಮಗಳು ಹೇಳಿಯಾಳು?

ಅಲ್ಲಿ ಏನಾಯಿತೆಂದು ಆಕೆ ಆಮೇಲೆ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿಕೊಂಡು ಹೇಳಿದಳು. ಫಲಕದ ಮೇಲೆ ಒಬ್ಬ ಡಾಕ್ಟರರ ಹೆಸರಿತ್ತು, ಡಾಕ್ಟರರು ಇರಲಿಲ್ಲ. ಬ್ಯೂಟಿ ಪಾರ್ಲರ್ ಕೆಲಸ ಕಲಿತ ಒಂದು ಹುಡುಗಿ ಇದ್ದಳು. ಹೆರಿಗೆಯಾಗಿ ಎಷ್ಟು ದಿನವಾಯಿತು ಎಂದು ಕೇಳಲಿಲ್ಲ, ಕೂಸು ಹಾಲು ಕುಡಿಯುತ್ತದೆಯೇ ಎಂದೂ ಕೇಳಲಿಲ್ಲ. ಇಂಗ್ಲಿಷಿನಲ್ಲಿ ಏನೋ ಬರೆದಿದ್ದ ಟ್ಯಾಬಿನ ಗಾಜಿನ ಮೇಲೆ ಬೆರಳಿನಿಂದ ಸಹಿ ಮಾಡಿಸಿಕೊಂಡಳು. ಹೊಟ್ಟೆಗೆ ಲೋಳೆಯಂಥದ್ದನ್ನು ಸವರಿ, ಬಟ್ಟಲಿನಂಥ ಒಂದು ಸಲಕರಣೆ ಒತ್ತಿದಳು, ಅದು ಹೊಟ್ಟೆಯ ಮಾಂಸವನ್ನು ಒಳಗೆ ಎಳೆದುಕೊಂಡು ತಣ್ಣಗೆ, ಇನ್ನೂ ತಣ್ಣಗೆ ಮಾಡುತ್ತಾ ಹೋಯಿತು. ಮೊದಮೊದಲು ನೋವಾಯಿತಂತೆ, ಆಮೇಲೆ ಏನೂ ತಿಳಿಯಲಿಲ್ಲವಂತೆ. ಹೊರಡುವಾಗ ಹುಡುಗಿ ಹೇಳಿದ್ದು ಇಷ್ಟೇ: “ಸ್ವಲ್ಪ ದಿನ ಜೋಮು ಹಿಡಿದಂಗ ಅನಸ್ತದರಿ ಅಕ್ಕಾರ, ಅದು ಕಾಮನ್, ಏನೂ ಚಿಂತಿ ಮಾಡಬ್ಯಾಡ್ರಿ.” ನೇತ್ರಾ ಚಿಂತೆ ಮಾಡಲಿಲ್ಲ. ಬಸ್ಸು ಹತ್ತಿ ಬಂದುಬಿಟ್ಟಳು.

ಸಂಜೆ ಶಿವಗಂಗವ್ವ ಎಂದಿನಂತೆ ಪಟ್ಟಿ ಬಿಚ್ಚಿದಳು. ನಾನು ಪಡಸಾಲೆಯಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ, ಎಲ್ಲ ಮಾತೂ ಕೇಳುತ್ತಿತ್ತು. “ಏ ನನ ಮಗಳ, ಹೊಟ್ಟಿ ಯಾಕ ಹಿಂಗ ತಣ್ಣಗ ಕೊರಡಾಗೇತಿ? ಕೆಂಪಾಗೇತಿ ನೋಡು.” ನೇತ್ರಾ ಅಂದಳು: “ಬಸ್ಸಿನ ಕಿಡಕಿ ಗಾಳಿ ಬಡದೈತಿ ಕಾಣತೈತಿಬೇ.” ಬಾಣಂತಿಯ ಹೊಟ್ಟೆಗೆ ಥಂಡಿ ಹತ್ತಿತೆಂದರೆ ನಮ್ಮ ಮನೆಗಳಲ್ಲಿ ಅದಕ್ಕಿಂತ ದೊಡ್ಡ ಗಾಬರಿ ಇಲ್ಲ. ಶಿವಗಂಗವ್ವ ನನ್ನ ಮೇಲೆ ರೇಗಿದಳು, ಬಸ್ಸಿನ ಮೇಲೆ ರೇಗಿದಳು, ಕೆಂಡ ಕೆದಕಿ ಹಂಚು ಇಟ್ಟಳು. ಉಪ್ಪು ಚಟಪಟ ಸಿಡಿಯುವ ಸದ್ದು ನನಗೆ ಕೇಳಿಸಿತು. ಆಮೇಲೆ ಆಕೆಯ ಎಂದಿನ ಪ್ರಶ್ನೆ.

“ಸುಡತೈತೇನವ್ವ?”

“ಇಲ್ಲಬೇ.”

“ಇಲ್ಲಿ?”

“ಏನೂ ಗೊತ್ತಾಗವಲ್ದಬೇ ಅವ್ವ. ಇನ್ನೊಂದಿಷ್ಟು ಬಿಸಿ ಮಾಡು.”

ಮಾಡಿದಳು. ಮತ್ತೆ ಕೇಳಿದಳು. ಮತ್ತೆ ಇಲ್ಲ ಎಂದಿತು ಮಗಳ ಬಾಯಿ. ಥಂಡಿ ಆಳಕ್ಕೆ ಇಳಿದಿದೆ ಎಂದುಕೊಂಡು ಗಂಟನ್ನು ಅಲ್ಲೇ ಇಟ್ಟು ಮೇಲೆ ಪಟ್ಟಿ ಸುತ್ತಿದಳು, ಕಾವು ಆರುವವರೆಗೆ ಅಲ್ಲೇ ಇರಲಿ ಎಂದು. ತಣ್ಣಗಾದ ಮೇಲೆ ಬಿಚ್ಚಿ ಇನ್ನೊಂದು ಗಂಟು ಇಟ್ಟಳು. ಅಜವಾನದ ಹೊಗೆಯಲ್ಲಿ ಬೇರೆ ಯಾವ ವಾಸನೆಯೂ ತಿಳಿಯಲಿಲ್ಲ. ರೊಟ್ಟಿಯಿಂದ ಜಡ್ಡಾದ ಒಂದು ಕೈ, ಯಂತ್ರದಿಂದ ಜಡ್ಡಾದ ಒಂದು ಹೊಟ್ಟೆ, ಎರಡಕ್ಕೂ ಆವತ್ತು ಬೆಂಕಿಯ ಸುದ್ದಿ ತಲುಪಲಿಲ್ಲ. ನೇತ್ರಾ ಕೂಸಿಗೆ ಹಾಲು ಕುಡಿಸುತ್ತಾ ನಿದ್ದೆ ಹೋದಳು. ಮಗಳಿಗೆ ಆರಾಮಾಯಿತು ಎಂದು ಶಿವಗಂಗವ್ವ ನನಗೆ ಹೇಳಿ, ಊಟಕ್ಕೆ ಬಡಿಸಿದಳು.

ಮಾನ್ಯರೇ, ಆ ಗುಲಾಬಿ ಹಾಳೆಯವರು ಸುಳ್ಳು ಹೇಳಿರಲಿಲ್ಲ. ನೋವು ಇಲ್ಲ ಎಂದಿದ್ದರು. ಮಗಳ ಹೊಟ್ಟೆ ಸುಡುತ್ತಿದ್ದಾಗ ಆಕೆಗೆ ಒಂದಿಷ್ಟೂ ನೋವಾಗಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಎಂದಿದ್ದರು. ಯಾರಿಗೂ ಗೊತ್ತಾಗಲಿಲ್ಲ. ಇಷ್ಟು ಚೆನ್ನಾಗಿ ಮಾತು ಉಳಿಸಿಕೊಂಡ ವ್ಯಾಪಾರಿಗಳನ್ನು ನಾನು ನೋಡಿಲ್ಲ.

ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಚರ್ಮ ಪಟ್ಟಿಗೆ ಹತ್ತಿಕೊಂಡು ಬಂತು. ಅದನ್ನು ನಾನು ಇದಕ್ಕಿಂತ ಹೆಚ್ಚು ಬರೆಯಲಾರೆ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ತೊಡೆಯ ಚರ್ಮ ತೆಗೆದು ಹೊಟ್ಟೆಗೆ ಹಾಕಿದರು. ಅಲ್ಲಿಯ ಡಾಕ್ಟರಮ್ಮ ನಮ್ಮನ್ನು ಕೂಡಿಸಿಕೊಂಡು ಬಿಡಿಸಿ ಹೇಳಿದರು: ಆ ಯಂತ್ರ ಬಳಸಿದ ಮೇಲೆ ಚರ್ಮಕ್ಕೆ ವಾರಗಟ್ಟಲೆ ಸ್ಪರ್ಶ ತಿಳಿಯದೇ ಇರಬಹುದು. ಅಲ್ಲಿ ಬಿಸಿ ಇಡಲೇಬಾರದು, ಇದನ್ನು ಕಳಿಸುವ ಮುನ್ನ ಹೇಳಲೇಬೇಕು. ಹಾಲುಣಿಸುವ ತಾಯಿಯನ್ನು ಆ ಯಂತ್ರದ ಹತ್ತಿರ ಬಿಟ್ಟುಕೊಂಡದ್ದೇ ತಪ್ಪು. ಅದಲ್ಲದೆ ಥಂಡಿಯೇ ಮೊದಲು ಚರ್ಮವನ್ನು ಕೆಡಿಸಿದ ಗುರುತೂ ಇದೆ. ಇಷ್ಟನ್ನೂ ಅವರು ಬರೆದುಕೊಟ್ಟರು, ನಾನು ಅದನ್ನು ನಿಮ್ಮ ಕಚೇರಿಗೆ ದೂರಿನ ಜತೆ ಲಗತ್ತಿಸಿದ್ದೆ. ಆಸ್ಪತ್ರೆಯ ಆ ದಿನಗಳಲ್ಲಿ ನೇತ್ರಾಳ ಹಾಲು ಬತ್ತಿತು. ಕೂಸು ಬಾಟಲಿಗೆ ಒಗ್ಗಿಕೊಂಡಿತು. ಉಂಡಿ ಕಟ್ಟಿದ್ದೆಲ್ಲ ಹಾಲಿಗಾಗಿ ಅಲ್ಲವೇ, ಆ ಡಬ್ಬಿ ಇನ್ನೂ ಅಟ್ಟದ ಮೇಲಿದೆ.

ಇನ್ನು ನಿಮ್ಮ ವಿಚಾರಣೆಗೆ ಬರೋಣ. ನೀವು ಕರೆದಿರಿ, ನಾವು ಬಂದೆವು. ಶಿವಗಂಗವ್ವ ಮದುವೆ ಮನೆಗೆ ಉಡುವ ಸೀರೆ ಉಟ್ಟುಕೊಂಡು ಬಂದಿದ್ದಳು, ಸರಕಾರದ ಮುಂದೆ ನಿಲ್ಲುವುದೆಂದು. ಕೇಂದ್ರದ ಪರವಾಗಿ ಬಂದವರು ಕುರ್ಚಿಯಲ್ಲಿದ್ದರು. ನೀವು ಆಕೆಯನ್ನು ಕೇಳಿದ್ದು ಒಂದೇ ಪ್ರಶ್ನೆ.

“ಕಾವು ಕೊಟ್ಟಿದ್ದು ಯಾರಮ್ಮ?”

“ನಾನರೀ.”

“ಬರೆದುಕೊಳ್ಳಿ” ಎಂದಿರಿ ಬಾಜು ಕೂತವರಿಗೆ. ಆಕೆ ಇನ್ನೂ ಹೇಳುವವಳಿದ್ದಳು. “ಸಾಹೇಬರ, ನಾ ಕೇಳೀನ್ರಿ, ಸುಡತೈತೇನು ಅಂತ ಹತ್ತು ಸಲ ಕೇಳೀನ್ರಿ” ಎಂದು ಶುರು ಮಾಡಿದಳು. ನೀವು ಕೈಯೆತ್ತಿ, ಆಯಿತಮ್ಮ ಆಯಿತು, ಹೊರಗೆ ಕೂಡಿ ಎಂದಿರಿ. ಒಂದು ಬಸ್ಸಿನಲ್ಲಿ ಪ್ರಯಾಣಿಕ ಕೆಳಗೆ ಬಿದ್ದರೆ ನಮ್ಮನ್ನು ಎಷ್ಟು ಪ್ರಶ್ನೆ ಕೇಳುತ್ತಿದ್ದರು ಗೊತ್ತೇ? ಬಾಗಿಲು ಹಾಕಿತ್ತೇ, ಸೀಟಿ ಊದಿದ್ದು ಯಾರು, ಬಸ್ಸಿಗೆ ಯೋಗ್ಯತಾ ಪತ್ರ ಇತ್ತೇ, ಚಾಲಕ ವಿಶ್ರಾಂತಿ ಪಡೆದಿದ್ದನೇ. ಬಿದ್ದವನಿಗೆ ‘ನೀನೇ ಬಿದ್ದೆಯಲ್ಲ’ ಎಂದು ಹೇಳಿ ಕಡತ ಮುಚ್ಚಿದ ಅಧಿಕಾರಿಯನ್ನು ನನ್ನ ನೌಕರಿಯಲ್ಲಿ ನಾನು ಕಾಣಲಿಲ್ಲ.

ಕೇಂದ್ರದ ಬಗ್ಗೆ ನೀವು ಬರೆದದ್ದು ಇನ್ನೂ ಸ್ವಾರಸ್ಯವಾಗಿದೆ. ಅಲ್ಲಿ ಶಸ್ತ್ರಚಿಕಿತ್ಸೆ ನಡೆಯುವುದಿಲ್ಲ, ಆದ್ದರಿಂದ ಅದು ನಿಮ್ಮ ವ್ಯಾಪ್ತಿಗೆ ಬರುವುದಿಲ್ಲವಂತೆ. ಇರಲಿ. ಚಾಕು ಹಿಡಿಯದವನು ವೈದ್ಯನಲ್ಲ, ಚಾಕು ಇಲ್ಲದೆ ಆದ ಗಾಯ ಗಾಯವೂ ಅಲ್ಲ ಎಂದು ಒಪ್ಪೋಣ. ಹಾಗಾದರೆ ಶಿವಗಂಗವ್ವ ಯಾವ ಶಸ್ತ್ರಚಿಕಿತ್ಸೆ ಮಾಡಿದ್ದಳು? ಹಿಮದ ಯಂತ್ರ ನಿಮ್ಮ ವ್ಯಾಪ್ತಿಗೆ ಬರಲಿಲ್ಲ, ಉಪ್ಪಿನ ಗಂಟು ಹೇಗೆ ಬಂತು? ಡಾಕ್ಟರರ ಹೆಸರಿನ ಫಲಕ, ಬಾರದ ಡಾಕ್ಟರು, ಕೇಳದೆ ಬಿಟ್ಟ ಪ್ರಶ್ನೆಗಳು ಇವೆಲ್ಲ ನಿಮ್ಮ ಕಣ್ಣಿಗೆ ಸಿಕ್ಕದಷ್ಟು ದೂರ ಇದ್ದು, ಮೊರಬದ ನಮ್ಮ ಅಡುಗೆಮನೆಯ ಹಂಚು ಮಾತ್ರ ನಿಮಗೆ ನಿಚ್ಚಳವಾಗಿ ಕಂಡಿತೇ? ತೀರ್ಪು ಕೊಡುವ ಅಧಿಕಾರವೇ ಇಲ್ಲದಿದ್ದರೆ ಸುಮ್ಮನೆ ‘ನಮಗೆ ಸಂಬಂಧವಿಲ್ಲ’ ಎಂದು ಬರೆದು ಬಿಡಬಹುದಿತ್ತು. ಒಬ್ಬ ತಾಯಿಯ ಹಣೆಗೆ ಮೊಹರು ಒತ್ತುವುದು ಏಕೆ ಬೇಕಿತ್ತು?

ಎಚ್ಚರಿಕೆಯನ್ನು ಲಿಖಿತವಾಗಿ ಕೊಡಲಾಗಿತ್ತು ಎಂದು ಅವರ ವಾದ, ನೀವು ತಲೆಯಾಡಿಸಿದ್ದೀರಿ. ಆ ಗಾಜಿನ ಮೇಲಿನ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಬಿಸಿ ತಾಗಿಸಬಾರದೆಂದು ಎಲ್ಲೋ ಇತ್ತಂತೆ. ನಾನು ನಿಮಗೆ ಒಂದು ಮಾತು ಕೇಳುತ್ತೇನೆ. ನಮ್ಮ ಹಳೇ ಕೆಂಪು ಬಸ್ಸಿನಲ್ಲಿ ಕೂತಿದ್ದೀರಾ? ಕಿಟಕಿಯ ಮೇಲೆ, ಕೂತವರ ಕಣ್ಣಿಗೆ ನೇರವಾಗಿ, ದಪ್ಪ ಕನ್ನಡದಲ್ಲಿ ಬರೆದಿರುತ್ತದೆ: ಕೈ ತಲೆ ಹೊರಗೆ ಹಾಕಬೇಡಿ. ಓದಲು ಬಾರದವರಿಗೆ ನಾವು ಬಾಯಿಯಿಂದ ಕೂಗುತ್ತಿದ್ದೆವು. “ಏ ಅಜ್ಜಾ, ಕೈ ಒಳಗ ತಗೋ” ಎಂದು ನಾನು ಎಷ್ಟು ಕೂಗಿದ್ದೇನೆಂದರೆ, ನಿದ್ದೆಯಲ್ಲೂ ಕೂಗುತ್ತೇನೆಂದು ಮನೆಯಲ್ಲಿ ನಗುತ್ತಾರೆ. ಕೈ ಹೊರಗಿಟ್ಟರೆ ಏನಾಗುತ್ತದೆಂದು ಯಾರಿಗೆ ಗೊತ್ತಿಲ್ಲ? ಆದರೂ ಬರೆದಿರುತ್ತಾರೆ, ಆದರೂ ಕೂಗುತ್ತೇವೆ. ಮನುಷ್ಯರ ಜೀವದ ಜವಾಬ್ದಾರಿ ಹೊತ್ತವರು ಮಾಡುವ ಕನಿಷ್ಠ ಕೆಲಸ ಅದು. ಆ ಯಂತ್ರದ ಥಂಡಿಗೆ ಮರಗಟ್ಟಿದ ಚರ್ಮಕ್ಕೆ ವಾರಗಟ್ಟಲೆ ಬಿಸಿ ತಿಳಿಯುವುದಿಲ್ಲ ಎಂಬುದು ನಮ್ಮಂಥ ಯಾರಿಗೂ ಗೊತ್ತಿರದ ಸಂಗತಿ. ಅದನ್ನು ಕೂಗಿ ಹೇಳುವವರು ಒಬ್ಬರೂ ಇರಲಿಲ್ಲ.

ಮಗಳೇ ಮುಚ್ಚಿಟ್ಟಳಲ್ಲ ಎಂದು ನೀವು ಅನ್ನಬಹುದು. ಹೌದು, ಮುಚ್ಚಿಟ್ಟಳು. ಆದರೆ ಮುಚ್ಚಿಡುವುದನ್ನು ಮಾರಿದವರು ಯಾರು? ‘ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ’ ಎಂದು ಹಾಳೆ ಹಂಚಿ ಕರೆದವರಿಗೆ, ಮನೆಯಲ್ಲಿ ಇನ್ನೊಂದು ಕೈ ಆ ಹೊಟ್ಟೆಯನ್ನು ಮುಟ್ಟುತ್ತದೆ ಎಂಬ ಖಬರು ಬೇಡವೇ? ನಮ್ಮ ಕಡೆ ಬಾಣಂತಿಯ ಹೊಟ್ಟೆ ಆಕೆಯೊಬ್ಬಳ ಸೊತ್ತಲ್ಲ. ತಾಯಿ ನೋಡುತ್ತಾಳೆ, ಅತ್ತೆ ನೋಡುತ್ತಾಳೆ, ಬಾಜು ಮನೆಯ ಮುದುಕಿ ಬಂದು ಒತ್ತಿ ನೋಡಿ ಹೋಗುತ್ತಾಳೆ. ಇಂಥ ಊರುಗಳ ನಡುವೆ ಅಂಗಡಿ ಇಡುವವನಿಗೆ ಇದು ತಿಳಿಯದಿದ್ದರೆ, ಅವನಿಗೆ ಅಂಗಡಿ ಇಡಲು ಬಿಟ್ಟವರಿಗಾದರೂ ತಿಳಿದಿರಬೇಕು.

ನಾನು ಯಂತ್ರದ ವಿರೋಧಿಯಲ್ಲ. ಹೊಟ್ಟೆ ಕರಗಿಸಬೇಕೆನ್ನುವ ಹೆಣ್ಣುಮಕ್ಕಳನ್ನು ಹೀಯಾಳಿಸುವವನೂ ಅಲ್ಲ. ನನ್ನದೇ ಹೊಟ್ಟೆ ಎರಡು ಸೀಟುಗಳ ನಡುವೆ ಸಿಕ್ಕಿಕೊಂಡು, ಶಾಲೆಯ ಹುಡುಗಿಯರು ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕದ್ದುಂಟು. ಗಂಡಸಿನ ಹೊಟ್ಟೆಗೆ ನಕ್ಕು ಬಿಡುತ್ತಾರೆ, ಅಷ್ಟೇ. ಹೆತ್ತ ಹೊಟ್ಟೆಗೆ ನಕ್ಕರೆ ಅದು ಕನ್ನಡಿಯ ತನಕ ಹಿಂಬಾಲಿಸುತ್ತದೆ. ಆ ಡಾಕ್ಟರಮ್ಮನೇ ಹೇಳಿದರು, ಸರಿಯಾದ ಕಡೆ, ಸರಿಯಾದ ವೈದ್ಯರು, ಯಾರಿಗೆ ಆಗದು ಎಂದು ನೋಡಿ ವಾಪಸ್ ಕಳಿಸುವವರು ಇದ್ದರೆ ಈ ಚಿಕಿತ್ಸೆ ಇಂಥ ಅನಾಹುತ ಮಾಡುವುದಿಲ್ಲವೆಂದು. ‘ಶಸ್ತ್ರಚಿಕಿತ್ಸೆ ಅಲ್ಲ’ ಎಂದ ಮಾತ್ರಕ್ಕೆ ಅದು ಚಿಕಿತ್ಸೆಯೇ ಅಲ್ಲ ಎಂದು ಮಾಡಿಬಿಟ್ಟದ್ದು ನೀವು ಮತ್ತು ಆ ಅಂಗಡಿಯವರು ಸೇರಿ.

ನಿಮ್ಮ ಆದೇಶ ಕೈಗೆ ಬಂದ ದಿನ ವಾಪಸ್ ಬಸ್ಸಿನಲ್ಲಿ ಶಿವಗಂಗವ್ವ ನನ್ನನ್ನು ಕೇಳಿದಳು: “ಏನ ಬರದಾರ್ರಿ ಅದರಾಗ?” ಓದಿ ಹೇಳಿದೆ. ಆಕೆ ಕಿಟಕಿಯ ಹೊರಗೆ ನೋಡಿದಳು. ಕಡಲೆ ಹೊಲಗಳು ಹಿಂದೆ ಹೋಗುತ್ತಿದ್ದವು. “ನನಗ ನನ ಮಗಳ ಮ್ಯಾಲೆ ಲಕ್ಷ್ಯ ಇರಲಿಲ್ಲಂತೇನ್ರಿ?” ಎಂದಳು.

ನಾನು ಆಕೆಗೆ ಹೇಳಿದ್ದೇನೆ, ನಿನ್ನ ತಪ್ಪಿಲ್ಲವೆಂದು. ಡಾಕ್ಟರಮ್ಮ ಹೇಳಿದ್ದಾರೆ. ಅಳಿಯ, ಮಾತೇ ಆಡದ ಹುಡುಗ, ಆಕೆಯ ಕಾಲ ಹತ್ತಿರ ಕೂತು “ಅತ್ತಿ, ನಿಮ್ಮದೇನೂ ತಪ್ಪಿಲ್ರಿ” ಎಂದು ಅತ್ತಿದ್ದಾನೆ. ನೇತ್ರಾ ಆಕೆಯ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಿದ್ದಾಳೆ. ಯಾರ ಮಾತೂ ಆಕೆಯ ಒಳಗೆ ಇಳಿಯುವುದಿಲ್ಲ. “ನೀವೆಲ್ಲಾ ನಮ್ಮವರು, ಹಂಗ ಅಂತೀರಿ. ಸರಕಾರ ಸುಳ್ಳ ಬರೀತೈತೇನ್ರಿ?” ಎನ್ನುತ್ತಾಳೆ. ಜೀವನವಿಡೀ ಖಾಕಿ ಅಂಗಿ ಹಾಕಿಕೊಂಡು, ಸರಕಾರ ಸುಳ್ಳು ಹೇಳುವುದಿಲ್ಲವೆಂದು ಮನೆಯಲ್ಲಿ ಭಾಷಣ ಮಾಡಿದವನು ನಾನೇ. ಈಗ ಯಾವ ಬಾಯಿಯಿಂದ ಬೇರೆ ಹೇಳಲಿ?

ಮಗಳು ಅಳ್ನಾವರಕ್ಕೆ ಹೊರಟಾಗ ಶಿವಗಂಗವ್ವ ಕೂಸನ್ನು ಎತ್ತಿಕೊಡಲಿಲ್ಲ. ನಾನೇ ಎತ್ತಿಕೊಟ್ಟೆ. ಆಕೆ ಬಾಗಿಲ ಹಿಂದೆ ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು. ಆಮೇಲೆ ಆಕೆ ಅಳ್ನಾವರಕ್ಕೆ ಹೋಗಿಲ್ಲ. ಕಳೆದ ತಿಂಗಳು ನಮ್ಮ ಬಾಜು ಮನೆಯ ಬಾಬಾಸಾಬ ಬಂದಿದ್ದ, ಟ್ರ್ಯಾಕ್ಟರ್ ಓಡಿಸುವವನು. ಅವನ ಮಗಳು ಹೆರಿಗೆಯಾಗಿ ಬಂದಿದ್ದಳು. ಹುಟ್ಟಿದಾಗ ಆ ಹುಡುಗಿಯನ್ನೂ ಎರೆದವಳು ಶಿವಗಂಗವ್ವನೇ. ಬಾಗಿಲಲ್ಲಿ ನಿಂತು, “ಅಕ್ಕಾರ, ಹುಡುಗಿ ನಿಮ್ಮ ಹಾದೀನ ನೋಡಾಕ ಹತ್ತ್ಯಾಳ್ರಿ, ಒಂದ ಹೆಜ್ಜಿ ಬರ್ರಿ” ಎಂದ. ಇವಳು ಒಳಗಿನಿಂದಲೇ ಅಂದಳು: “ಬ್ಯಾಡೋ ಯಪ್ಪಾ, ನನ್ನ ಕೈ ಒಳ್ಳೇದಲ್ಲ.” ಅವನು ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಹಾಗೇ ಹೊರಟ, ಆಮೇಲೆ ಬಂದು ತಗೊಂಡು ಹೋದ.

ಹೋದ ವಾರ ನೇತ್ರಾ ಫೋನ್ ಮಾಡಿದ್ದಳು. ಕೂಸು ಈಗ ಹಿಡಿದುಕೊಂಡು ನಿಲ್ಲುತ್ತದೆ. “ಅಪ್ಪಾ, ಇವತ್ತ ಅದು ನನ್ನ ಹೊಟ್ಟಿ ಮ್ಯಾಲೆ ಕಾಲು ಇಟ್ಟು ಎದ್ದು ನಿಂತಿತು. ನನಗ ಗೊತ್ತಾತಪ್ಪಾ. ಅದರ ಅಂಗಾಲು ಬೆಚ್ಚಗಿತ್ತು, ಅದೂ ಗೊತ್ತಾತು.” ಮಾತಾಡುತ್ತಲೇ ಅಳುತ್ತಿದ್ದಳು. “ಅವ್ವಗ ಬಾ ಅನ್ನಪ್ಪಾ. ಈಗ ಸುಟ್ರ ನಾ ಹೇಳತೀನಿ ಅಂತ ಹೇಳು.” ಶಿವಗಂಗವ್ವ ನನ್ನ ಬಾಜುವೇ ನಿಂತು ಎಲ್ಲ ಕೇಳಿಸಿಕೊಂಡಳು. ಅಂಗೈ ಬಿಡಿಸಿ ನೋಡಿಕೊಂಡಳು. “ಸರಕಾರದವ್ರು ಹಂಗ ಬರದ ಮ್ಯಾಲೆ ನಾ ಹ್ಯಾಂಗ ಮುಟ್ಟಲಿ?” ಎಂದು ಒಳಗೆ ಹೋದಳು.

ಮಾನ್ಯರೇ, ಆದ್ದರಿಂದ ನನ್ನ ಬೇಡಿಕೆ ನಿಮ್ಮ ಹತ್ತಿರವೇ. ಇಂಥ ಯಂತ್ರ ಇಟ್ಟ ಪ್ರತಿ ಕೋಣೆಯಲ್ಲಿ, ಮಲಗಿದವರ ಕಣ್ಣಿಗೆ ನೇರವಾಗಿ, ಬಸ್ಸಿನ ಅಕ್ಷರದಷ್ಟು ದಪ್ಪ ಕನ್ನಡದಲ್ಲಿ ಬರೆಯಿಸಿರಿ: “ಇದರ ನಂತರ ಚರ್ಮಕ್ಕೆ ಬಿಸಿ ತಿಳಿಯುವುದಿಲ್ಲ. ಕಾವು ಕೊಡಬೇಡಿ. ಮನೆಯಲ್ಲಿ ಹೇಳಿರಿ.” ಡಾಕ್ಟರಿಲ್ಲದ ಕಡೆ ಆ ಯಂತ್ರಕ್ಕೆ ವಿದ್ಯುತ್ ಸಿಗದಂತೆ ನೋಡಿಕೊಳ್ಳಿರಿ. ಇವು ಆಗಲು ವರ್ಷಗಳು ಹಿಡಿಯುತ್ತವೆಂದು ಗೊತ್ತು, ನಾನೂ ಸರಕಾರಿ ನೌಕರನಾಗಿದ್ದವನೇ. ಆದರೆ ಇನ್ನೊಂದು ಕೆಲಸ ಒಂದು ಮುಂಜಾನೆಯಲ್ಲಿ ಆಗುವಂಥದ್ದು. ಆ ವಾಕ್ಯವನ್ನು ಹೊಡೆದುಹಾಕಿ, ಅದರ ಜಾಗದಲ್ಲಿ ನಡೆದದ್ದನ್ನು ಬರೆಯಿರಿ: ಸುಡುತ್ತದೆಯೇ ಎಂದು ತಾಯಿ ಕೇಳಿದಳು, ಮಗಳಿಗೆ ಬಿಸಿ ತಿಳಿಯದಂತೆ ಯಂತ್ರ ಮಾಡಿತ್ತು. ಅದರ ಕೆಳಗೆ ಅದೇ ದುಂಡು ಮೊಹರು ಒತ್ತಿರಿ. ಅಂಚೆಯಲ್ಲಿ ಕಳಿಸಬೇಡಿ, ನಾನು ಓದಿದರೆ ಆಕೆ ನಂಬುವುದಿಲ್ಲ. ನೀವೇ ಮೊರಬಕ್ಕೆ ಬಂದು ನಮ್ಮ ಪಡಸಾಲೆಯಲ್ಲಿ ಕೂತು ಆಕೆಗೆ ಓದಿ ಹೇಳಿರಿ. ನಿಮ್ಮ ಟಿಕೆಟ್ಟು ನನ್ನ ಕಡೆಗೆ. ಚಹಾ ಆಕೆಯೇ ಮಾಡುತ್ತಾಳೆ, ಲೋಟ ಬಿಸಿಯಿದೆ ಎಂದು ಕೊಡುವ ಮುನ್ನ ಹೇಳಿಯೇ ಕೊಡುತ್ತಾಳೆ.

ನೀವು ಓದಿ ಮುಗಿಸಿದ ದಿನವೇ ನಾನು ಆಕೆಯನ್ನು ಅಳ್ನಾವರದ ಹಾದಿಗೆ ಕರೆದುಕೊಂಡು ಹೊರಡುತ್ತೇನೆ.

ಇಂತಿ,

ಊರಿಗೆಲ್ಲ ‘ಕೈ ಒಳಗೆ ತಗೊಳ್ಳಿ’ ಎಂದು ಕೂಗಿ, ಈಗ ಸೆರಗಿನೊಳಗೆ ಹೋದ ಎರಡು ಕೈಗಳನ್ನು ಹೊರಗೆ ತೆಗೆಸಲಾರದೆ ಕೂತಿರುವ ಶಿವಗಂಗವ್ವನ ಗಂಡ,

ಮಡಿವಾಳೆಪ್ಪ, ನಿವೃತ್ತ ಕಂಡಕ್ಟರ್,
ಮೊರಬ